ಫಾದರ್ ಮಠದಲ್ಲಿ ದ್ಯಾಮಮ್ಮನ ದಾರಿ

ರಾಮಗಿರಿಯಲ್ಲಿ ಕರೀ ಕೋಟು ಹಾಕುವವರು ಮೂರೇ ಜನ: ರೈಲಿನ ಟಿಕೆಟ್ ಕಲೆಕ್ಟರು, ಮದುವೆ ಗಂಡು, ಕೋರ್ಟಿಗೆ ಹೋಗುವ ವಕೀಲ. ಮೂವರಲ್ಲಿ ಯಾರನ್ನು ಕಂಡರೂ ಜನ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಮೂವತ್ತೊಂದು ವರ್ಷದಿಂದ ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು, ಲಾಲ್ ಸಾಬ್, ಈ ಮೂರು ತರದ ಕೋಟನ್ನೂ ಹೊಲಿದಿದ್ದೇನೆ. ಹೆಣ್ಣುಮಗಳಿಗೆ ಕರೀ ಕೋಟು ಹೊಲಿಯುವ ಯೋಗ ಮಾತ್ರ ಬಂದಿರಲಿಲ್ಲ. ಅದನ್ನು ತಂದವನು ಹಿಟ್ಟಿನ ಗಿರಣಿ ಕಾಟಲಿಂಗಪ್ಪ.

ಕಾಟಲಿಂಗಪ್ಪ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಅವನು ಮಾಡಿದ್ದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಅವನ ದೋಷ ಒಂದೇ. ಯಾರು ಏನು ಹೇಳಿದರೂ ಅರ್ಧ ಕೇಳಿಸಿಕೊಳ್ಳುತ್ತಾನೆ, ಇನ್ನರ್ಧವನ್ನು ತಾನೇ ಬೀಸಿಕೊಳ್ಳುತ್ತಾನೆ.

"ಸಾಬ್ರೇ, ಒಂದು ಕೋಟು ಹೊಲೀರಿ, ನಮ್ ಪಲ್ಲವಿಗೆ. ಬರೋ ಶನಿವಾರ ಕೋರ್ಟ್‌ನಾಗೆ ಅವಳ ವಾದ ಐತೆ" ಎಂದು ಕರೀ ಬಟ್ಟೆಯನ್ನು ನನ್ನ ಮೇಜಿನ ಮೇಲೆ ಹಾಸಿದ.

ಪಲ್ಲವಿ ಅವನ ಒಬ್ಬಳೇ ಮಗಳು. ಬೆಂಗಳೂರಿನಲ್ಲಿ ಜೆಸ್ವಿಟ್ ಫಾದರ್‌ಗಳು ನಡೆಸುವ ದೊಡ್ಡ ಯೂನಿವರ್ಸಿಟಿಯಲ್ಲಿ ಐದು ವರ್ಷದ ಲಾ ಓದಲು ಸೇರಿ ಆಗ ನಾಲ್ಕು ತಿಂಗಳಾಗಿತ್ತು.

"ನಾಲ್ಕೇ ತಿಂಗಳಿಗೆ ಕೋರ್ಟಾ?" ಎಂದೆ.

"ಫಾದರ್‌ಗಳ ಕಾಲೇಜು ರೀ ಅದು. ಅಲ್ಲಿ ಸುಮ್ಮನೆ ಟೈಮ್ ಹಾಳು ಮಾಡಲ್ಲ."

ಹುಡುಗಿ ಫೋನಿನಲ್ಲಿ ಹೇಳಿದ್ದು ಇಷ್ಟು: ಶನಿವಾರ ಮೂಟ್ ಕೋರ್ಟ್ ಇದೆ, ಮೂವರು ಜಡ್ಜ್‌ಗಳು ಕೂರುತ್ತಾರೆ, ನಡುವೆ ಫಾದರ್ ಅವರೇ ಇರುತ್ತಾರೆ, ಕರೀ ಕೋಟು ಬೇಕು. ಮೂಟ್ ಕೋರ್ಟ್ ಎಂದರೇನು ಎಂದು ಅಪ್ಪ ಕೇಳಲಿಲ್ಲ. ಕೇಳಿದರೆ ಮಗಳ ಮುಂದೆ ಮರ್ಯಾದೆ ಏನಾದೀತು? ಸೆಷನ್ಸ್ ಕೋರ್ಟು, ಹೈಕೋರ್ಟು ಇದ್ದಂತೆ ಇದೂ ಒಂದಿರಬೇಕು ಎಂದು ಅಲ್ಲಿಗೆ ಬಿಟ್ಟ. ಅವನ ಮನಸ್ಸು ಹಿಡಿದುಕೊಂಡದ್ದು ನಡುವೆ ಕೂರುವ ಫಾದರ್ ಅವರನ್ನು.

"ನೋಡ್ರಿ ಸಾಬ್ರೇ," ಎಂದು ಬೆರಳು ಮಡಚಿದ. "ನಮ್ ಮಠದ ಸ್ವಾಮಿಗಳು ಮದುವೆ ಆಗಿಲ್ಲ, ಫಾದರ್ರೂ ಆಗಿಲ್ಲ. ನಮ್ ಮಠದೋರು ಕಾಲೇಜು ನಡೆಸ್ತಾರೆ, ಅವರೂ ನಡೆಸ್ತಾರೆ. ನಮ್ ಸ್ವಾಮಿಗಳು ವಾರಕ್ಕೊಂದಿನ ಕುಂತು ಹೊಲದ ಜಗಳ, ಪಾಲಿನ ಜಗಳ ಎಲ್ಲ ಕೇಳಿ ನ್ಯಾಯ ಹೇಳ್ತಾರೆ. ಫಾದರ್ರೂ ಶನಿವಾರ ಕುಂತು ಹೇಳ್ತಾರೆ. ಅಂದ್ಮೇಲೆ ಅದೇನು? ಮಠ!"

ಎಲ್ಲಿ ಕತ್ತರಿ ಹಾಕಬೇಕೋ ನನಗೂ ತಿಳಿಯಲಿಲ್ಲ. ನಮ್ಮ ಕಡೆ ಊರ ಜಗಳ ಮಠಕ್ಕೆ ಹೋಗುವುದು ಹೊಸದೇನಲ್ಲ. ಕೋರ್ಟಿನಲ್ಲಿ ಇಪ್ಪತ್ತು ವರ್ಷ ನೇತಾಡಿದ ಕೇಸು ಮಠದಲ್ಲಿ ಎರಡು ವಾರಕ್ಕೆ ಮುಗಿದು, ಸೋತವನೂ ಗೆದ್ದವನೂ ದಾಸೋಹದಲ್ಲಿ ಒಂದೇ ಸಾಲಿಗೆ ಕೂತು ಉಂಡು ಬಂದದ್ದನ್ನು ನಾನೇ ನೋಡಿದ್ದೇನೆ.

"ಅಳತೆ ಕೊಡಪ್ಪ" ಎಂದೆ.

ತನ್ನ ಕಿವಿಯ ಪಕ್ಕಕ್ಕೆ ಅಂಗೈ ಹಿಡಿದ. "ಇಷ್ಟೆತ್ತರ ಅವ್ಳೆ. ತೋಳು ಒಂಚೂರು ಉದ್ದ ಇಡ್ರಿ, ಇನ್ನೂ ಬೆಳೀತಾಳೆ."

ಹದಿನೆಂಟು ತುಂಬಿದ ಹುಡುಗಿ ಇನ್ನೆಲ್ಲಿ ಬೆಳೆಯುತ್ತಾಳೋ! ಗಿರಾಕಿಯ ಮಾತು ಮೀರಬಾರದೆಂದು ನಾಲ್ಕು ಬೆರಳು ಉದ್ದವೇ ಇಟ್ಟೆ.

ಕೋಟು ಸಿದ್ಧವಾಗುವ ಮೊದಲೇ ಸುದ್ದಿ ಸಿದ್ಧವಾಗಿತ್ತು. ಗಿರಣಿಗೆ ರಾಗಿ ತಂದವರೆಲ್ಲ ಹಿಟ್ಟಿನ ಜೊತೆ ಅದನ್ನೂ ಹೊತ್ತುಕೊಂಡು ಹೋದರು. ಸಂಜೆಯ ಹೊತ್ತಿಗೆ ಪಲ್ಲವಿ ದೊಡ್ಡ ಸ್ವಾಮಿಗಳ ಖಾಸಾ ವಕೀಲಳಾಗಿದ್ದಳು. ಮರುದಿನ ಬೆಳಗ್ಗೆ ದ್ಯಾಮಮ್ಮ ಗಿರಣಿಯ ಮುಂದೆ ನಿಂತಿದ್ದಳು.

"ಕಾಟಲಿಂಗ, ನನ್ ದಾರೀದು ನಿನ್ ಮಗಳ ಮಠದಾಗೆ ಬಗೆಹರಿಸ್ಕೊಡಪ್ಪ" ಎಂದಳು.

ದ್ಯಾಮಮ್ಮನ ದಾರಿಯ ವಿಷಯ ಹೇಳಬೇಕು. ಗಂಡನಿಲ್ಲದ ಹೆಂಗಸು, ಮೂರೆಕರೆ ಮೆಕ್ಕೆಜೋಳ ಇಟ್ಟಿದ್ದಾಳೆ. ಅವಳ ಹೊಲಕ್ಕೆ ಬಂಡಿ, ಟ್ರ್ಯಾಕ್ಟರ್ ಹೋಗಬೇಕಾದರೆ ಮುರುಗಪ್ಪನ ಹೊಲದ ಬದಿಯಲ್ಲೇ ಹೋಗಬೇಕು. ತಲೆಮಾರಿನಿಂದ ಹಾಗೇ ಹೋಗುತ್ತಿತ್ತು. ಮೂರು ತಿಂಗಳ ಹಿಂದೆ ಮುರುಗಪ್ಪನ ಮೊಮ್ಮಗನ ನಾಮಕರಣದಲ್ಲಿ ಅವಳು ಊಟಕ್ಕೆ ಕೂತು, ಒಂದು ಲೋಟ ನೀರು ಕುಡಿದು, ನಲವತ್ತು ಜನರ ಮುಂದೆ "ಸವಳು, ಉಪ್ಪುಪ್ಪು" ಎಂದುಬಿಟ್ಟಳು. ಅದು ಮುರುಗಪ್ಪನ ಹೊಸ ಬೋರ್‌ವೆಲ್ಲಿನ ನೀರು. ಆ ನೀರನ್ನು ಅವನು ಮೊಮ್ಮಗನಿಗಿಂತ ಹೆಚ್ಚಾಗಿ ಎತ್ತಿ ಆಡಿಸುತ್ತಿದ್ದ. ಮರುದಿನವೇ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ ಬಿತ್ತು.

ಈಗ ತೆನೆ ಒಣಗಿ ನಿಂತಿದೆ. ಟ್ರ್ಯಾಕ್ಟರ್ ಒಳಗೆ ಹೋಗುವಂತಿಲ್ಲ. ದ್ಯಾಮಮ್ಮ ತಲೆಹೊರೆಯಲ್ಲಿ ಬದು ಹತ್ತಿ ಇಳಿದು ಎಷ್ಟು ಸಾಗಿಸಿಯಾಳು? ಮುಂದಿನ ವಾರ ಚಂಡಮಾರುತದ ಮಳೆ ಎಂದು ಟಿವಿಯವರು ಬೇರೆ ಹೇಳುತ್ತಿದ್ದರು. ಮಳೆ ಬಿದ್ದರೆ ತೆನೆ ನಿಂತಲ್ಲೇ ಮೊಳಕೆ ಒಡೆಯುತ್ತದೆ, ಅವಳ ಒಂದು ವರ್ಷ ಮಣ್ಣುಪಾಲು.

ಹಾಗಾದರೆ ನಮ್ಮ ಮಠಗಳೇ ಇದ್ದವಲ್ಲ ಎನ್ನುತ್ತೀರಿ. ಅಲ್ಲೇ ತೊಡಕು. ಮುರುಗಪ್ಪನ ಮನೆಯವರು ನಡೆದುಕೊಳ್ಳುವುದು ಒಂದು ಮಠಕ್ಕೆ, ದ್ಯಾಮಮ್ಮನವರು ಇನ್ನೊಂದಕ್ಕೆ. "ನಮ್ ಮಠಕ್ಕೆ ಬರ್ಲಿ" ಎಂದು ಅವನು, "ಯಾಕೆ, ನಮ್ ಮಠಕ್ಕೇ ಬರ್ಲಿ" ಎಂದು ಅವಳು. ಹೊಳಲ್ಕೆರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಾಯಿತು. ಅಳೆಯಲು ಬಂದವನು ಮುರುಗಪ್ಪನ ಮನೆಯಲ್ಲಿ ಉಂಡು, ನೀರು ಬಹಳ ಚೆನ್ನಾಗಿದೆ ಎಂದು ಹೇಳಿ ಹೋಗಿದ್ದ. ಮೂರನೆಯ ಮಠವೊಂದು, ಇಬ್ಬರದೂ ಅಲ್ಲದ್ದು, ಈ ಜಗಳಕ್ಕೆ ಬೇಕೇ ಬೇಕಾಗಿತ್ತು. ಕಾಟಲಿಂಗಪ್ಪ ಅದನ್ನು ಕಂಡುಹಿಡಿದಿದ್ದ.

ಮುರುಗಪ್ಪ ಒಪ್ಪುತ್ತಾನೆಂದು ಯಾರೂ ಎಣಿಸಿರಲಿಲ್ಲ. ಅವನು ತಾನಾಗಿಯೇ ಬಂದ. "ಯಾವ ಮಠ ಆದ್ರೂ ಸರಿ, ಅವಳ ಮಠ ಅಲ್ದಿದ್ರೆ ಸಾಕು. ದೊಡ್ಡ ಊರಿನ ಸ್ವಾಮಿಗಳು, ನೀರಿನ ರುಚಿ ಗೊತ್ತಿರಲ್ವಾ?"

ಶನಿವಾರ ಬೆಳಗಿನ ರೈಲಿಗೆ ಹೊರಟೆವು. ಕಾಟಲಿಂಗಪ್ಪನ ಕೈಯಲ್ಲಿ ಐದು ತೆಂಗಿನಕಾಯಿ, ಸ್ವಾಮಿಗಳ ಹತ್ತಿರ ಬರಿಗೈಲಿ ಹೋಗಬಾರದಲ್ಲ. ದ್ಯಾಮಮ್ಮನ ಕೈಯಲ್ಲಿ ಸಾಕ್ಷಿಗೆಂದು ಜೋಳದ ತೆನೆಯ ಗಂಟು. ಮುರುಗಪ್ಪನ ಕೈಯಲ್ಲಿ ಸಾಕ್ಷಿಗೆಂದು ಎರಡು ಲೀಟರ್ ಬೋರ್‌ವೆಲ್ ನೀರು. ನನ್ನ ಕೈಯಲ್ಲಿ ಕೋಟು. "ನೀವ್ಯಾಕೆ ಹೋಗ್ತೀರಿ ಆ ಜಗಳದ ಮಧ್ಯೆ?" ಎಂದು ನನ್ನ ಹೆಂಡತಿ ಜಹೀರಾ ಕೇಳಿದಳು. ಹಾಕಿ ನೋಡಿದ ಮೇಲೆ ಹೆಚ್ಚುಕಮ್ಮಿ ಸರಿಮಾಡಬೇಕಾದೀತು ಎಂದೆ. ನಿಜ ಹೇಳಬೇಕೆಂದರೆ ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಯೂನಿವರ್ಸಿಟಿಯ ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದು ಪುಸ್ತಕ ಮುಂದಿಟ್ಟ. "ಬಂದ ಕಾರಣ ಬರೀರಿ."

ಕಾಟಲಿಂಗಪ್ಪ ದುಂಡಗೆ "ನ್ಯಾಯ" ಎಂದು ಬರೆದ.

"ಅಡ್ಮಿಷನ್‌ಗಾ?"

"ಅಲ್ಲಪ್ಪ, ನ್ಯಾಯಕ್ಕೆ. ಇಬ್ಬರೂ ಪಾರ್ಟಿ ಕರ್ಕಂಡು ಬಂದೀವಿ. ಫಾದರ್ ಕುಂತಾರಾ?"

ಆ ಭಾಷೆ ಕೇಳಿದ್ದೇ ಅವನ ಮುಖ ಅರಳಿತು. "ಎಲ್ಲೋ ನಮ್ ಕಡೇರು ಇದ್ದಂಗೈತಲ್ಲ! ನಾನು ಹಿರಿಯೂರು, ಬಾಲರಾಜು ಅಂತ. ಬರ್ರಿ, ಮೂಟ್ ಕೋರ್ಟಿಗೆ ತಾನೇ? ನಾನೇ ಬಿಡ್ತೀನಿ." ನಮ್ಮ ಕೊರಳಿಗೆ ನಂಬರು ಬರೆದ ಚೀಟಿ ಹಾಕಿದ. ಮುರುಗಪ್ಪನದು ಹದಿಮೂರು, ದ್ಯಾಮಮ್ಮನದು ಹನ್ನೆರಡು. ಅವಳ ಕೇಸು ತನಗಿಂತ ಮೊದಲೇ ಬಂತಲ್ಲ ಎಂದು ಮುರುಗಪ್ಪ ಗೊಣಗಿದ.

ಮೆಟ್ಟಿಲ ಹತ್ತಿರ ಬಿಳಿ ಅಂಗಿ, ಬಿಳಿ ಪ್ಯಾಂಟಿನ ಹಿರಿಯರೊಬ್ಬರು ಎದುರಾದರು. ಕಾಟಲಿಂಗಪ್ಪ ತೆಂಗಿನಕಾಯಿ ಕೆಳಗಿಟ್ಟು ಉದ್ದಕ್ಕೆ ಅಡ್ಡಬಿದ್ದ. ಅವರು ಒಂದು ಕ್ಷಣ ನೋಡಿ, "ಕಾಫಿ ನಾಲ್ಕಕ್ಕೆ" ಎಂದು ಹೇಳಿ ಹೋದರು. ಕ್ಯಾಂಟೀನಿನ ಮೇಸ್ತ್ರಿ ಅಂತೆ.

ಕೋರ್ಟಿನ ಹಾಲ್ ಬಂದಾಗ ನಾಲ್ವರೂ ಚಪ್ಪಲಿ ಹೊರಗೆ ಸಾಲಾಗಿ ಬಿಟ್ಟೆವು. ನಮ್ಮ ಹಿಂದೆ ಬಂದ ಇಬ್ಬರು ಹುಡುಗರು ಚಪ್ಪಲಿಯ ಸಾಲು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತಾವೂ ಬೂಟು ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಹದಿನೇಳು ಜೊತೆಯಾದವು.

ಪಲ್ಲವಿ ಓಡಿ ಬಂದಳು. ಅಪ್ಪನನ್ನು ಕಂಡು ನಕ್ಕಳು, ದ್ಯಾಮಮ್ಮನನ್ನು ಕಂಡು ಗಾಬರಿಯಾದಳು, ಮುರುಗಪ್ಪನ ಕೈಲಿದ್ದ ಬಾಟಲಿ ಕಂಡು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಕೋಟು ಹಾಕಿಕೊಂಡು ಓಡಿದಳು. ತೋಳು ಬೆರಳ ತುದಿ ದಾಟಿತ್ತು. ನಾನು ತಲೆ ತಗ್ಗಿಸಿದೆ.

ಎತ್ತರದ ಪೀಠದ ಮೇಲೆ ಮೂವರು, ನಡುವೆ ಕನ್ನಡಕದ ಫಾದರ್. ಗೌನಿನ ಒಳಗೆ ಗೆರೆಗೆರೆಯ ಸಾಧಾರಣ ಅಂಗಿ. "ಕಾವಿ ಬ್ಯಾಡ ಬಿಡ್ರಿ, ಒಂದು ಬಿಳಿ ನಿಲುವಂಗಿನಾದ್ರೂ ಬ್ಯಾಡ್ವಾ?" ಎಂದು ಕಾಟಲಿಂಗಪ್ಪ ನನ್ನ ಕಿವಿಯಲ್ಲಿ ನೊಂದುಕೊಂಡ.

ವಾದವೆಲ್ಲ ಇಂಗ್ಲಿಷಿನಲ್ಲಿ. ಒಂಬತ್ತು ವರ್ಷದಿಂದ ಇಂಥ ವಾದ ಕೇಳುತ್ತ ಬಂದಿದ್ದ ಬಾಲರಾಜು ನಮ್ಮ ಜೊತೆಗೇ ಉಳಿದು ಬಿಡಿಸಿ ಹೇಳುತ್ತಿದ್ದ. ಎರಡು ದೇಶ, ನಡುವೆ ಒಂದು ನದಿ, ಮೇಲಿನವರು ನೀರು ಕಟ್ಟಿಹಾಕಿದ್ದಾರೆ, ಪಲ್ಲವಿ ಮೇಲಿನವರ ಕಡೆ. ನೀರು ಎಂದದ್ದೇ ಮುರುಗಪ್ಪ ನೆಟ್ಟಗೆ ಕೂತ. ಹುಡುಗಿ ಮುಕ್ಕಾಲು ಗಂಟೆ ಅಂಜದೆ ಮಾತಾಡಿದಳು. ಕಾಟಲಿಂಗಪ್ಪ ಒಂದಕ್ಷರ ತಿಳಿಯದೆ ಕಣ್ಣೊರೆಸಿಕೊಂಡ.

ಕಾಫಿ ಆದಮೇಲೆ ಮತ್ತೆ ಶುರುವಾಯಿತು. ಪಲ್ಲವಿ ಈಗ ಎದುರಿನ ಮೇಜಿಗೆ ಹೋಗಿ ನಿಂತಿದ್ದಳು.

"ಈಗ ಕೆಳಗಿನ ದೇಶದ ಕಡೆ ಮಾತಾಡ್ತಾಳೆ" ಎಂದ ಬಾಲರಾಜು.

"ಏನು?" ಮುರುಗಪ್ಪನ ದನಿ ಹಾಲಿಗೆಲ್ಲ ಕೇಳಿಸಿತು. "ಕಾಫಿ ಕುಡಿಯೋ ಮುಂಚೆ ಒಂದು ಮಾತು, ಕುಡಿದ್ಮೇಲೆ ಒಂದು ಮಾತು! ಲೇ ಕಾಟಲಿಂಗ, ನಿನ್ ಮಗಳು ಯಾರ ಕಡೆ?"

"ಇಬ್ಬರ ಕಡೆನೂ. ಅದಕ್ಕೇ ಅಲ್ವಾ ಒಳ್ಳೆ ಕಾಲೇಜು ಅನ್ನೋದು?" ಎಂದ ಕಾಟಲಿಂಗಪ್ಪ. ಅವನಿಗೂ ಒಳಗೆ ದಿಗಿಲಾಗಿತ್ತು.

"ಇಲ್ಲಿ ಅದೇ ನಿಯಮ ಕಣಣ್ಣ. ಎರಡೂ ಕಡೆ ವಾದ ಮಾಡಬೇಕು, ಇಲ್ದಿದ್ರೆ ಮಾರ್ಕ್ಸ್ ಇಲ್ಲ" ಎಂದು ಬಾಲರಾಜು ಸಮಾಧಾನ ಮಾಡಿದ.

ಕೊನೆಗೆ ಫಾದರ್ ಏನೋ ಓದಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಪಲ್ಲವಿಗೆ ಮೂರನೆಯ ಸ್ಥಾನ. ಜನ ಏಳುವಷ್ಟರಲ್ಲಿ ಕಾಟಲಿಂಗಪ್ಪ ಪೀಠದ ಮುಂದೆ ಹೋಗಿ ಐದೂ ತೆಂಗಿನಕಾಯಿ ಸಾಲಾಗಿ ಇಟ್ಟು ಕೈಮುಗಿದ.

"ಬುದ್ಧೀ, ಈಗ ನಮ್ದು ತಗಳ್ರಿ."

ಪಲ್ಲವಿ ಅಡ್ಡ ಬಂದಳು. "ಅಪ್ಪಾ! ಇದು ಕೋರ್ಟಲ್ಲ. ಅಭ್ಯಾಸಕ್ಕೆ ಮಾಡೋದು, ಅಣಕು. ಇವರು ನಮ್ ಮೇಷ್ಟ್ರು. ಇಲ್ಲಿ ಹೇಳಿದ್ದು ಯಾವುದೂ ನಡೆಯಲ್ಲ. ಆ ದೇಶಗಳೂ ಇಲ್ಲ, ಆ ನದೀನೂ ಇಲ್ಲ."

"ನದಿ ಇಲ್ಲಾ?" ಎಂದ ಕಾಟಲಿಂಗಪ್ಪ. ಉಳಿದದ್ದನ್ನೆಲ್ಲ ಅವನು ತಡೆದುಕೊಳ್ಳುತ್ತಿದ್ದ. ನದಿಯೂ ಇಲ್ಲ ಎಂದದ್ದು ಎದೆಗೆ ಬಿತ್ತು. ಇಡೀ ರಾಮಗಿರಿಗೆ ಹೇಳಿಕೊಂಡು ಬಂದ ಮನುಷ್ಯ, ಮಗಳ ಜೊತೆಯವರ ಎದುರು ಬರಿಗಾಲಲ್ಲಿ ನಿಂತಿದ್ದ.

ದ್ಯಾಮಮ್ಮ ಮೆಲ್ಲಗೆ ಜೋಳದ ಗಂಟು ಎತ್ತಿಕೊಂಡಳು. "ಹಂಗಾದ್ರೆ ಇಲ್ಲೂ ಇಲ್ಲ ಅನ್ರಿ. ಹೋಗಾಣ ನಡೀರಿ. ಮಳೆ ಬರೋದ್ರಾಗೆ ಇನ್ನೂ ನಾಕು ಹೊರೆ ಹೊತ್ತೇನು."

"ಕೂತ್ಕೊಳ್ಳಿ ಅಮ್ಮ" ಎಂದರು ಫಾದರ್. ಮಂಗಳೂರು ಕಡೆಯ ನಿಧಾನದ ಕನ್ನಡ. "ಎಂತ ವಿಷಯ ಅಂತ ಹೇಳಿ."

ಇಬ್ಬರೂ ಒಟ್ಟಿಗೇ ಹೇಳಿದರು. ಬಾಟಲಿ, ತೆನೆ ಎರಡೂ ಪೀಠದ ಮೇಲೆ ಹತ್ತಿದವು. ಫಾದರ್ ಕೇಳಿ ಮುಗಿಸಿ, "ನ್ಯಾಯ ಹೇಳುವ ಅಧಿಕಾರ ನನಗಿಲ್ಲ. ಮಗಳು ಹೇಳಿದ್ದು ಸರಿ. ಆದರೆ ಇಷ್ಟು ದೂರ ಬಂದಿದ್ದೀರಿ, ಇಲ್ಲಿಯ ನಿಯಮದಂತೆ ವಾದ ಮಾಡಿ ಹೋಗಿ. ಮುರುಗಪ್ಪನವರೇ, ನೀವು ದ್ಯಾಮಮ್ಮನ ಕಡೆ. ದ್ಯಾಮಮ್ಮ, ನೀವು ಮುರುಗಪ್ಪನವರ ಕಡೆ" ಎಂದರು.

"ಅವಳ ಪರ ನಾನ್ಯಾಕೆ ಮಾತಾಡ್ಲಿ?"

"ಬಾರದಿದ್ದರೆ ಬಿಡಿ. ಎಲ್ಲರಿಗೂ ಬರುವುದಿಲ್ಲ. ಆ ಹುಡುಗಿಗೆ ಹದಿನೆಂಟು ವರ್ಷ, ಅವಳಿಗೆ ಬಂತು."

"ಬರಲ್ಲ ಅಂದೋರ್ಯಾರು?" ಮುರುಗಪ್ಪ ಎದ್ದೇಬಿಟ್ಟ. "ಪಲ್ಲವೀ, ತಾರಮ್ಮ ಆ ಕೋಟು!"

ಎದೆ ಕೊಂಚ ಬಿಗಿಯಾಯಿತು. ತೋಳು ಮಾತ್ರ ಅಳೆದು ಹೊಲಿದಂತೆ ಮಣಿಕಟ್ಟಿಗೆ ಸರಿಯಾಗಿ ಕೂತಿತು. ಯಾರಿಗಾದರೂ ಸರಿಹೋಯಿತಲ್ಲ ಎಂದು ನಾನು ಮೊದಲ ಬಾರಿಗೆ ನೆಮ್ಮದಿಯ ಉಸಿರು ಬಿಟ್ಟೆ.

"ಬುದ್ಧೀ, ನಾನು ದ್ಯಾಮಮ್ಮ" ಎಂದು ಮುರುಗಪ್ಪ ಶುರುಮಾಡಿದ. ಹುಡುಗರು ನಕ್ಕರು. ಫಾದರ್ ಮರದ ಸುತ್ತಿಗೆ ಬಡಿದರು. ಮುರುಗಪ್ಪ ಸೋಲುವ ಗಿರಾಕಿಯಲ್ಲ. "ಗಂಡ ಹೋಗಿ ಹನ್ನೊಂದು ವರ್ಷ. ಮೂರೆಕರೆ ನಾನೊಬ್ಳೇ ಮಾಡ್ತೀನಿ. ಈ ದಾರಿಗೆ ಕಲ್ಲು ಹಾಸಿದ್ದು ಯಾರು? ನನ್ ಮಾವ, ಆ ಮುರುಗಪ್ಪನ ಅಪ್ಪ, ಇಬ್ರೂ ಸೇರಿ! ಅವ್ನು ಚಡ್ಡಿ ಹಾಕ್ಕಂಡು ನಮ್ ಬಂಡಿ ಹಿಂದೆ ಜೋತಾಡ್ತಿದ್ದ. ಈಗ ಅದೇ ದಾರಿಗೆ ಮುಳ್ಳು ಬಡಿದವ್ನೆ. ಹೊರೆ ಹೊತ್ತು ಹೊತ್ತು ಕುತ್ತಿಗೆ ತಿರುಗಲ್ಲ ಬುದ್ಧೀ. ಒಂದು ಮಾತಿಗೆ ಒಂದು ವರ್ಷದ ಅನ್ನ ಕಿತ್ಕಳೋನು ಮನುಷ್ಯನಾ?" ಮೇಜು ಗುದ್ದಿದ. ಒಂದು ಗುಂಡಿ ಹಾರಿಹೋಯಿತು.

"ಹಾಗಾದರೆ ಮುರುಗಪ್ಪ ಕೆಟ್ಟವರಾ?" ಎಂದರು ಫಾದರ್.

ಅವನು ಗುಂಡಿ ಹಾರಿದ ಜಾಗ ಮುಟ್ಟಿಕೊಂಡ. "ಕೆಟ್ಟೋನಲ್ಲ ಬುದ್ಧಿ. ಮೂಗಿನ ತುದೀಲಿ ಸಿಟ್ಟು."

ದ್ಯಾಮಮ್ಮ ಎದ್ದಳು. ಕೋಟು ಬೇಡವೆಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಇಲ್ಲದ ಮೀಸೆ ಒಮ್ಮೆ ತಿರುವಿದಳು. "ನಾನು ಮುರುಗಪ್ಪ ಬುದ್ಧಿ. ಮೂರು ಬೋರ್ ಹೊಡೆಸ್ದೆ, ಮೂರೂ ಬರೀ ಧೂಳು. ನಾಕನೇದ್ರಾಗೆ ನೀರು ಚಿಮ್ತು. ಆವತ್ತು ಬದುವಿನ ಮೇಲೆ ಕುಂತು ಅತ್ತೆ. ಯಾರೂ ನೋಡಿಲ್ಲ ಅಂದ್ಕಂಡಿದ್ದೆ. ಪಕ್ಕದ ಹೊಲದಾಗೆ ದ್ಯಾಮಮ್ಮ ಕಳೆ ತೆಗೀತಿದ್ಲು, ನೋಡಿದ್ಲು. ನೋಡಿದೋಳು ಮನೆಗೆ ಬಂದು, ನನ್ ಅನ್ನ ಉಂಡು, ನಲವತ್ತು ಜನದ ಮುಂದೆ ಆ ನೀರಿಗೆ ಹೆಸರಿಟ್ಲು. ಹೊಟ್ಟೆ ಉರಿಯಲ್ವಾ? ಎಳನೀರಿದ್ದಂಗೈತೆ ಬುದ್ಧಿ ನನ್ ನೀರು, ಎಳನೀರು!"

ಮುರುಗಪ್ಪ ತಲೆಯ ಮೇಲಿನ ಫ್ಯಾನನ್ನೇ ಬಹಳ ಹೊತ್ತು ನೋಡಿದ.

"ಯಾರು ಗೆದ್ದಿರಿ?" ಎಂದು ಫಾದರ್ ಕೇಳಿದರು.

"ನಾನೇ" ಎಂದ ಮುರುಗಪ್ಪ, ಫ್ಯಾನಿನಿಂದ ಕಣ್ಣು ಕೀಳದೆ.

"ಹಾಗಾದರೆ ದಾರಿ?"

"ಬಿಡಬೇಕಾಗ್ತದೆ."

"ಯಾರು?"

ಅವನು ಕೋಟಿನ ತೋಳು ನೋಡಿಕೊಂಡ. "ಆ ಮುರುಗಪ್ಪ."

ಅಷ್ಟಕ್ಕೆ ಕೋರ್ಟು ಎದ್ದಿತು. ದಾಸೋಹ ಎಲ್ಲಿ ಎಂದು ಕಾಟಲಿಂಗಪ್ಪ ಕೇಳಿದ. ಫಾದರ್ ನಮ್ಮನ್ನು ಕ್ಯಾಂಟೀನಿಗೆ ಕಳಿಸಿದರು. ಅಡ್ಡಬಿದ್ದಿದ್ದನ್ನು ಮರೆಯದ ಬಿಳಿ ಅಂಗಿಯವರು ಕಾಟಲಿಂಗಪ್ಪನ ತಟ್ಟೆಗೆ ಒಂದು ಚಪಾತಿ ಹೆಚ್ಚಿಗೆ ಹಾಕಿದರು. "ಮುಂದಿನ ಸಲ ಹೇಳಿ ಬಾ ಅಪ್ಪ" ಎಂದಳು ಪಲ್ಲವಿ, ವಾಪಸು ಪಡೆದು ತೊಟ್ಟ ಕೋಟಿನ ತೋಳು ಮಡಚಿಕೊಳ್ಳುತ್ತ. "ಹೇಳಿದ್ರೆ ನೀನು ಬ್ಯಾಡ ಅಂತಿದ್ದೆ" ಎಂದ ಅವನು. ಅವಳು ತನ್ನ ತಟ್ಟೆಯ ಪಲ್ಯವನ್ನೂ ಅವನಿಗೇ ಬಡಿಸಿದಳು.

ಕಾಟಲಿಂಗಪ್ಪನ ಷಡ್ಡಕನ ಮನೆಯಲ್ಲಿ ಉಳಿದು ಮರುದಿನದ ರೈಲು ಹಿಡಿದೆವು. ಬೀರೂರು ದಾಟುವಾಗ ದ್ಯಾಮಮ್ಮನಿಗೆ ಬಾಯಾರಿತು. ಇದ್ದದ್ದು ಸಾಕ್ಷಿಯ ಬಾಟಲಿ ಒಂದೇ. ಮುರುಗಪ್ಪ ತಾನೇ ಮುಚ್ಚಳ ತೆಗೆದು ಕೊಟ್ಟ. ಅವಳು ಗಟಗಟ ಕುಡಿದಳು. ಕುಡಿದು, ಬಾಯೊರೆಸಿಕೊಂಡು, ಕಿಟಕಿಯ ಹೊರಗೆ ನೋಡುತ್ತ ಅಂದಳು:

"ಸವಳೇ."

ಕಾಟಲಿಂಗಪ್ಪ ನನ್ನ ತೊಡೆ ಹಿಂಡಿದ. ಆದ ನ್ಯಾಯವೆಲ್ಲ ಹೊಳೆಗೆ ಹೋಯಿತು ಎಂದುಕೊಂಡೆ. ಮುರುಗಪ್ಪ ಬಾಟಲಿ ಇಸಿದುಕೊಂಡು ಮುಚ್ಚಳ ಬಿಗಿದ. ರಾಮಗಿರಿ ಬಂದದ್ದೇ ಇಳಿದು ಹಿಂತಿರುಗಿ ನೋಡದೆ ನಡೆದುಬಿಟ್ಟ.

ಸೋಮವಾರ ಬೆಳಗ್ಗೆ ಅಂಗಡಿ ತೆರೆಯಲು ಮನಸ್ಸಾಗಲಿಲ್ಲ. ಆಕಾಶದಲ್ಲಿ ಮೋಡ ಕೂಡುತ್ತಿತ್ತು. ಹೊಲದ ಕಡೆ ಹೋದೆ. ಮುರುಗಪ್ಪ ಕೈಗೆ ಗೋಣಿಚೀಲ ಸುತ್ತಿಕೊಂಡು ಉಳಿದ ಜಾಲಿಮುಳ್ಳು ಎಳೆದು ಹಾಕುತ್ತಿದ್ದ. ಟ್ರ್ಯಾಕ್ಟರ್ ಆಗಲೇ ದ್ಯಾಮಮ್ಮನ ಹೊಲದಲ್ಲಿ ನಿಂತಿತ್ತು, ಅವಳು ಕೂಲಿಯವರನ್ನು ಕೂಗಿ ಕರೆಯುತ್ತಿದ್ದಳು.

"ಮುರುಗಣ್ಣ," ಎಂದೆ, "ಅವಳು ರೈಲಿನಾಗೆ ಮತ್ತೆ ಸವಳು ಅಂದ್ಲಲ್ಲಪ್ಪ?"

ಅವನು ಬೆನ್ನು ನೆಟ್ಟಗೆ ಮಾಡಿ, ಬೆರಳಿಗೆ ಹೊಕ್ಕ ಮುಳ್ಳನ್ನು ಹಲ್ಲಿನಿಂದ ಕಿತ್ತು ಉಗಿದ.

"ರೈಲಿನಾಗೆ ಅಂದಿದ್ದು ಲೆಕ್ಕಕ್ಕಿಲ್ಲ ಸಾಬ್ರೇ. ಕೋರ್ಟ್‌ನಾಗೆ ಎಳನೀರು ಅಂದವ್ಳೆ."